ಪ್ಯಾಕರ್ಡ್: ಒಂದು ದೊಡ್ಡ ಹೆಸರಿನ ಏಳುಬೀಳು

ಅಮೆರಿಕದ ಐಷಾರಾಮಿ ಕಾರುಗಳ ಪೈಕಿ ಒಂದು ಕಾಲಕ್ಕೆ ಮೊದಲ ಪಂಕ್ತಿಯಲ್ಲಿ ಕೂತಿದ್ದ ಹೆಸರು ಪ್ಯಾಕರ್ಡ್. 1899ರಲ್ಲಿ ಒಹಾಯೊ ರಾಜ್ಯದ ವಾರನ್ ಎಂಬ ಊರಿನಲ್ಲಿ ಹುಟ್ಟಿದ ಈ ಕಾರು 1903ರಿಂದ ಡೆಟ್ರಾಯಿಟ್‌ನಲ್ಲಿ ಬೆಳೆಯಿತು. 1958ರಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಅದರ ತಯಾರಿಕೆ ನಿಂತುಹೋಯಿತು. ಕ್ಯಾಡಿಲಾಕ್ ಮತ್ತು ಲಿಂಕನ್ ಇಂದಿಗೂ ಬಾಳುತ್ತಿವೆ. ಅವೆರಡನ್ನೂ ಹಿಂದಿಕ್ಕಿದ್ದ ಪ್ಯಾಕರ್ಡ್ ಉಳಿಯಲಿಲ್ಲ. ಎಂಜಿನಿಯರಿಂಗ್ ಕೆಟ್ಟಿತ್ತೆಂದು ಮುಳುಗಿದ ಕಂಪನಿ ಇದಲ್ಲ. ಕಷ್ಟಕಾಲದಲ್ಲಿ ತನ್ನ ಹೆಸರನ್ನೇ ಬಂಡವಾಳವಾಗಿ ಖರ್ಚು ಮಾಡಿ, ಒಳ್ಳೆಯ ಕಾಲ ಬಂದಾಗ ಅದನ್ನು ಮರಳಿ ತುಂಬಿಕೊಳ್ಳದೆ ಹೋದದ್ದು ಅದರ ಅವನತಿಯ ಮೂಲ.

ಅಣ್ಣತಮ್ಮಂದಿರ ಕಾರ್ಖಾನೆ

ವಿಲಿಯಂ ಡೌಡ್ ಪ್ಯಾಕರ್ಡ್ ಮತ್ತು ಜೇಮ್ಸ್ ವಾರ್ಡ್ ಪ್ಯಾಕರ್ಡ್ ಸಹೋದರರು 1890ರಲ್ಲಿ ವಾರನ್‌ನಲ್ಲಿ ವಿದ್ಯುತ್ ಬಲ್ಬು ಮತ್ತು ವಿದ್ಯುತ್ ಸಾಮಗ್ರಿಗಳ ಕಂಪನಿ ಆರಂಭಿಸಿದರು. ತಮ್ಮನಾದ ಜೇಮ್ಸ್ ಲೀಹೈ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದವರು; ಗಡಿಯಾರ ಮೊದಲುಗೊಂಡು ಸೂಕ್ಷ್ಮ ಯಂತ್ರಗಳೆಲ್ಲದರಲ್ಲೂ ಅವರಿಗೆ ಆಸಕ್ತಿ. 1898ರಲ್ಲಿ ಅವರು ಕ್ಲೀವ್‌ಲ್ಯಾಂಡ್‌ನ ಅಲೆಕ್ಸಾಂಡರ್ ವಿಂಟನ್ ತಯಾರಿಸಿದ ಕಾರೊಂದನ್ನು ಕೊಂಡರು. ಅದು ಮೇಲಿಂದ ಮೇಲೆ ಕೆಡುತ್ತಿತ್ತು. ದೂರು ಕೊಂಡೊಯ್ದಾಗ, ಅಷ್ಟು ಗೊತ್ತಿದ್ದರೆ ನೀವೇ ಒಂದು ಕಾರು ಮಾಡಿಕೊಳ್ಳಿ ಎಂದು ವಿಂಟನ್ ಹೇಳಿ ಕಳಿಸಿದರೆಂಬುದು ಮೋಟಾರು ಲೋಕದಲ್ಲಿ ಬಹಳ ಪ್ರಚಲಿತವಾದ ಕಥೆ. ಕಥೆ ಹೇಗೇ ಇರಲಿ, 1899ರ ನವೆಂಬರ್ 6ರಂದು ಮೊದಲ ಪ್ಯಾಕರ್ಡ್ ಕಾರು ವಾರನ್‌ನ ಬೀದಿಗಿಳಿಯಿತು. ಅದಕ್ಕೆ ಇದ್ದದ್ದು ಒಂದೇ ಸಿಲಿಂಡರ್.

ದೋಣಿಯ ಚುಕ್ಕಾಣಿಯಂತಹ ಹಿಡಿಕೆಯಿಂದ ಕಾರು ತಿರುಗಿಸುತ್ತಿದ್ದ ಆ ಕಾಲದಲ್ಲಿ ಪ್ಯಾಕರ್ಡ್ 1901ರಲ್ಲೇ ಸ್ಟಿಯರಿಂಗ್ ಚಕ್ರ ತಂದಿತು. ‘ಕಾರು ಇಟ್ಟುಕೊಂಡವರನ್ನೇ ಕೇಳಿ’ ಎಂಬ ಅರ್ಥದ ಜಾಹೀರಾತು ವಾಕ್ಯ ಬಂದದ್ದೂ ಆಗಲೇ. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಂಪನಿ ಆ ಮಾತನ್ನು ಬಿಡಲಿಲ್ಲ. ಬೆಲೆಯನ್ನಾಗಲಿ ವೇಗವನ್ನಾಗಲಿ ಹೇಳಿಕೊಳ್ಳದೆ, ಕೊಂಡವರ ವಿಶ್ವಾಸವನ್ನೇ ಮುಂದಿಟ್ಟು ಮಾರುವ ಕ್ರಮ ಅದು.

ಡೆಟ್ರಾಯಿಟ್‌ನ ಶ್ರೀಮಂತರ ಕೈಗೆ

ಡೆಟ್ರಾಯಿಟ್‌ನ ಸಿರಿವಂತ ಹೆನ್ರಿ ಬರ್ನ್ ಜಾಯ್ ಈ ಕಾರನ್ನು ಮೆಚ್ಚಿ, ಸ್ನೇಹಿತರನ್ನು ಸೇರಿಸಿಕೊಂಡು ಹಣ ಹೂಡಿದರು. 1902ರಲ್ಲಿ ಕಂಪನಿಗೆ ಪ್ಯಾಕರ್ಡ್ ಮೋಟಾರ್ ಕಾರ್ ಕಂಪನಿ ಎಂಬ ಹೆಸರು ಬಂತು. ಮರುವರ್ಷ ಕಾರ್ಖಾನೆ ಡೆಟ್ರಾಯಿಟ್‌ನ ಈಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ಗೆ ಸಾಗಿತು. ಕಟ್ಟಡಗಳ ವಿನ್ಯಾಸ ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅವರದು. 1905ರಲ್ಲಿ ಅಲ್ಲಿ ಎದ್ದ ಹತ್ತನೆಯ ಸಂಖ್ಯೆಯ ಕಟ್ಟಡ ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಲ್ಲೇ ಮೊದಲ ಬಲವರ್ಧಿತ ಕಾಂಕ್ರೀಟ್ ಕಟ್ಟಡ. ಕಂಬಗಳ ನಡುವೆ ವಿಶಾಲ ಜಾಗ, ಗೋಡೆ ತುಂಬ ಕಿಟಕಿ, ಬೆಂಕಿಯ ಭಯ ಕಡಿಮೆ. ಮುಂದಿನ ದಶಕಗಳ ಕಾರ್ಖಾನೆಗಳಿಗೆ ಅದೇ ಮಾದರಿಯಾಯಿತು. ಈ ಆವರಣ ಬೆಳೆಯುತ್ತ ಬೆಳೆಯುತ್ತ ಸುಮಾರು 35 ಲಕ್ಷ ಚದರ ಅಡಿಯಷ್ಟಾಯಿತು.

ಕಾರಿನ ಗಟ್ಟಿತನ ತೋರಿಸಲು ಕಂಪನಿ 1903ರ ಬೇಸಿಗೆಯಲ್ಲಿ ಟಾಮ್ ಫೆಚ್ ಎಂಬ ಚಾಲಕರನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕ್‌ಗೆ ಕಳಿಸಿತು. ಒಂದೇ ಸಿಲಿಂಡರಿನ ಆ ಕಾರಿಗೆ ‘ಓಲ್ಡ್ ಪೆಸಿಫಿಕ್’ ಎಂದು ಹೆಸರು. ಪಶ್ಚಿಮದ ಮರುಭೂಮಿಯಲ್ಲಿ ರಸ್ತೆ ಎಂಬುದೇ ಇರಲಿಲ್ಲ. ಚಕ್ರ ಮರಳಿನಲ್ಲಿ ಹೂತಾಗ ಜೊತೆಗೆ ತಂದಿದ್ದ ಉದ್ದುದ್ದ ಕ್ಯಾನ್ವಾಸ್ ಪಟ್ಟಿಗಳನ್ನು ಮುಂದೆ ಹಾಸಿ, ಅದರ ಮೇಲೆ ಕಾರು ಓಡಿಸಿ, ಹಿಂದೆ ಉಳಿದ ಪಟ್ಟಿಯನ್ನು ಎಳೆದು ತಂದು ಮತ್ತೆ ಮುಂದೆ ಹಾಸುತ್ತ ಸಾಗಬೇಕಾಯಿತು. ಎರಡು ತಿಂಗಳಲ್ಲಿ ಪ್ರಯಾಣ ಮುಗಿಯಿತು. ಅದಕ್ಕೆ ಕೆಲವೇ ವಾರ ಮೊದಲು ಖಂಡವನ್ನು ದಾಟಿದ್ದ ಮೊದಲ ಕಾರು, ಪ್ಯಾಕರ್ಡರಿಗೆ ಬೇಸರ ತರಿಸಿದ್ದ ಅದೇ ವಿಂಟನ್ ಕಂಪನಿಯದು. ಒಳ್ಳೆಯ ರಸ್ತೆಯಿಲ್ಲದೆ ಒಳ್ಳೆಯ ಕಾರಿಗೆ ಬೆಲೆಯಿಲ್ಲವೆಂದು ಅರಿತ ಹೆನ್ರಿ ಜಾಯ್, 1913ರಲ್ಲಿ ಅಮೆರಿಕವನ್ನು ಅಡ್ಡಹಾಯುವ ಲಿಂಕನ್ ಹೆದ್ದಾರಿಯ ಸಂಘದ ಅಧ್ಯಕ್ಷರಾದರು.

ಹನ್ನೆರಡು ಸಿಲಿಂಡರಿನ ವೈಭವ

1915ರಲ್ಲಿ ಬಂದ ‘ಟ್ವಿನ್ ಸಿಕ್ಸ್’ ಪ್ಯಾಕರ್ಡನ್ನು ಜಗತ್ತಿನ ದೊಡ್ಡ ಕಾರುಗಳ ಸಾಲಿಗೆ ಸೇರಿಸಿತು. ಜೆಸ್ಸಿ ವಿನ್ಸೆಂಟ್ ರೂಪಿಸಿದ ಇದು ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಹನ್ನೆರಡು ಸಿಲಿಂಡರಿನ ಕಾರು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಇದೇ ವಿನ್ಸೆಂಟ್, ಇನ್ನೊಬ್ಬ ಎಂಜಿನಿಯರ್ ಇ. ಜೆ. ಹಾಲ್ ಜೊತೆ ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ಕೂತು ಕೆಲವೇ ದಿನಗಳಲ್ಲಿ ‘ಲಿಬರ್ಟಿ’ ವಿಮಾನ ಎಂಜಿನ್ನಿನ ನಕ್ಷೆ ಮುಗಿಸಿದರು. 1921ರ ಮಾರ್ಚ್ 4ರಂದು ವಾರನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣವಚನಕ್ಕೆ ಟ್ವಿನ್ ಸಿಕ್ಸ್‌ನಲ್ಲಿ ಹೋದರು. ಆ ಸಮಾರಂಭಕ್ಕೆ ಕಾರಿನಲ್ಲಿ ಹೋದ ಮೊದಲ ಅಧ್ಯಕ್ಷರು ಅವರೇ.

1916ರಿಂದ 1939ರವರೆಗೆ ಅಧ್ಯಕ್ಷರಾಗಿದ್ದ ಆಲ್ವನ್ ಮಕಾಲಿ ಕಂಪನಿಗೆ ಸಭ್ಯ, ಸ್ಥಿರ ಮುಖವೊಂದನ್ನು ಕೊಟ್ಟರು. ವರ್ಷವರ್ಷವೂ ರೂಪ ಬದಲಿಸುವ ಚಾಳಿ ಇರಲಿಲ್ಲ. ಎತ್ತಿನ ನೊಗದಂತೆ ಮೇಲ್ಭಾಗ ಬಾಗಿದ ರೇಡಿಯೇಟರ್, ಚಕ್ರದ ನಡುವೆ ಕೆಂಪು ಷಟ್ಕೋನ. ಇಷ್ಟು ಕಂಡರೆ ದೂರದಿಂದಲೇ ಪ್ಯಾಕರ್ಡ್ ಎಂದು ಗುರುತು ಹತ್ತುತ್ತಿತ್ತು. 1928ರಲ್ಲಿ ವರ್ಷಕ್ಕೆ 50 ಸಾವಿರದಷ್ಟು ಕಾರುಗಳು ಹೊರಬಂದವು. ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಹಿಂದೆ ಬಿತ್ತು. ಭಾರತದ ರಾಜಮಹಾರಾಜರೂ ಪ್ಯಾಕರ್ಡ್ ತರಿಸಿಕೊಂಡರು. ಸೋವಿಯತ್ ರಷ್ಯಾದಲ್ಲಿ 1945ರಿಂದ ನಾಯಕರಿಗಾಗಿ ತಯಾರಾದ ಜಿಸ್-110 ಕಾರು ಪ್ಯಾಕರ್ಡ್ ಮಾದರಿಯನ್ನೇ ಅನುಸರಿಸಿದ್ದು.

ಕಡಿಮೆ ಬೆಲೆಗೆ ದೊಡ್ಡ ಹೆಸರು

1929ರ ಆರ್ಥಿಕ ಕುಸಿತ ಐಷಾರಾಮಿ ಕಾರುಗಳ ಗಿರಾಕಿಗಳನ್ನೇ ಅಳಿಸಿತು. ಪ್ಯಾಕರ್ಡ್ ಮಾರಾಟ ವರ್ಷಕ್ಕೆ ಹತ್ತು ಸಾವಿರದೊಳಗೆ ಇಳಿಯಿತು. ಪಿಯರ್ಸ್-ಆ್ಯರೋ, ಡ್ಯೂಸೆನ್‌ಬರ್ಗ್ ಮೊದಲಾದ ಹೆಸರುಗಳು ಆ ದಶಕದಲ್ಲೇ ಅಳಿದುಹೋದವು. ಕ್ಯಾಡಿಲಾಕ್‌ಗೆ ಜನರಲ್ ಮೋಟಾರ್ಸ್‌ನ, ಲಿಂಕನ್‌ಗೆ ಫೋರ್ಡ್‌ನ ಆಸರೆ ಇತ್ತು; ಷೆವರ್ಲೆ ಮಾರಿ ಬಂದ ಲಾಭ ಕ್ಯಾಡಿಲಾಕ್‌ನ ನಷ್ಟವನ್ನು ತುಂಬುತ್ತಿತ್ತು. ಪ್ಯಾಕರ್ಡ್‌ಗೆ ಅಂಥ ಮನೆತನದ ಬೆಂಬಲ ಇರಲಿಲ್ಲ.

ಕಂಪನಿ 1935ರಲ್ಲಿ ‘ಒನ್ ಟ್ವೆಂಟಿ’ ಎಂಬ ಮಾದರಿ ತಂದಿತು. ಬೆಲೆ ಸಾವಿರ ಡಾಲರ್‌ಗಿಂತ ಕಡಿಮೆಯಿಂದ ಆರಂಭ. ಪ್ಯಾಕರ್ಡ್ ಕೊಳ್ಳುವ ಕನಸು ಕಂಡಿದ್ದ ಮಧ್ಯಮ ವರ್ಗದವರು ಸಾಲು ನಿಂತರು. ಮೊದಲ ವರ್ಷವೇ ಸುಮಾರು 25 ಸಾವಿರ ಕಾರುಗಳು ಹೋದವು. 1937ರಲ್ಲಿ ಇನ್ನೂ ಅಗ್ಗದ ಆರು ಸಿಲಿಂಡರಿನ ಕಾರು ಬಂದು, ವರ್ಷದ ತಯಾರಿಕೆ ಒಂದು ಲಕ್ಷ ದಾಟಿತು. ಕಂಪನಿ ಬದುಕಿಕೊಂಡಿತು.

ಇದಕ್ಕೆ ತೆತ್ತ ಬೆಲೆ ತಕ್ಷಣ ಕಾಣಲಿಲ್ಲ. ಕ್ಯಾಡಿಲಾಕ್ ಕೂಡ ಕಡಿಮೆ ಬೆಲೆಯ ಕಾರು ತಂದಿತ್ತು. ಆದರೆ 1927ರಲ್ಲಿ ಅದನ್ನು ‘ಲಾಸಾಲ್’ ಎಂಬ ಬೇರೆ ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟು, 1940ರಲ್ಲಿ ಸದ್ದಿಲ್ಲದೆ ನಿಲ್ಲಿಸಿತು. ಕ್ಯಾಡಿಲಾಕ್ ಹೆಸರಿಗೆ ಧಕ್ಕೆ ಆಗಲಿಲ್ಲ. ಪ್ಯಾಕರ್ಡ್ ತನ್ನ ಹೆಸರನ್ನೂ ನೊಗದಾಕಾರದ ರೇಡಿಯೇಟರನ್ನೂ ಅಗ್ಗದ ಕಾರಿಗೇ ಕೊಟ್ಟಿತು. ಬ್ಯಾಂಕಿನ ಅಧ್ಯಕ್ಷರ ಕಾರಿಗೂ ಅದೇ ಬ್ಯಾಂಕಿನ ಗುಮಾಸ್ತರ ಕಾರಿಗೂ ಮುಂಭಾಗದಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಹೊಸತನಕ್ಕೆ ಮಾತ್ರ ಆಗಲೂ ಬರ ಇರಲಿಲ್ಲ. 1939ರ ಕೊನೆಯಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಪ್ಯಾಕರ್ಡ್ ಹವಾನಿಯಂತ್ರಣ ಅಳವಡಿಸಿದ ಕಾರು ತೋರಿಸಿತು. ಕಾರ್ಖಾನೆಯಿಂದಲೇ ಏಸಿ ಸಮೇತ ಮಾರಾಟಕ್ಕೆ ಬಂದ ಮೊದಲ ಕಾರು ಅದು. ತಂಪು ಮಾಡುವ ಭಾಗ ಹಿಂದಿನ ಡಿಕ್ಕಿಯ ಅರ್ಧ ಜಾಗ ನುಂಗಿತ್ತು. ಆರಿಸುವ ಸ್ವಿಚ್ ಇರಲಿಲ್ಲ. ಏಸಿ ಬೇಡವಾದರೆ ಇಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟ್ ಕಳಚಬೇಕಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಯುದ್ಧದ ಎಂಜಿನ್ನುಗಳು

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ರೋಲ್ಸ್-ರಾಯ್ಸ್ ಮರ್ಲಿನ್ ವಿಮಾನ ಎಂಜಿನ್ನುಗಳು ಸಾಲದಾದವು. ಹೆನ್ರಿ ಫೋರ್ಡ್ ಆ ಕೆಲಸ ಒಲ್ಲೆನೆಂದಾಗ 1940ರಲ್ಲಿ ಪ್ಯಾಕರ್ಡ್ ಒಪ್ಪಿಕೊಂಡಿತು. ಕುಶಲಕರ್ಮಿಗಳು ಒಂದೊಂದನ್ನೂ ಉಜ್ಜಿ ಹೊಂದಿಸುತ್ತಿದ್ದ ಎಂಜಿನ್ನನ್ನು ಸಾಲು ಜೋಡಣೆಗೆ ಒಗ್ಗಿಸಿ, 55 ಸಾವಿರಕ್ಕೂ ಹೆಚ್ಚು ಮರ್ಲಿನ್‌ಗಳನ್ನು ತಯಾರಿಸಿತು. ಬಹುಪಾಲು ಮಸ್ಟಾಂಗ್ ಫೈಟರ್‌ಗಳೂ ಅನೇಕ ಲ್ಯಾಂಕಾಸ್ಟರ್ ಬಾಂಬರ್‌ಗಳೂ ಹಾರಿದ್ದು ಇವುಗಳ ಬಲದಿಂದ. ಅಮೆರಿಕದ ನೌಕಾಪಡೆಯ ಟಾರ್ಪಿಡೊ ದೋಣಿಗಳಿಗೂ ಪ್ಯಾಕರ್ಡ್ ಎಂಜಿನ್ನುಗಳೇ. ಯುದ್ಧ ಮುಗಿದಾಗ ಕಂಪನಿಯ ಕೈಯಲ್ಲಿ ಹಣವಿತ್ತು, ಹೆಸರಿತ್ತು, ಗಿರಾಕಿಗಳೂ ಇದ್ದರು.

ಇಳಿಗಾಲ

ಹೆಸರನ್ನು ಮೇಲೆತ್ತಲು ಅದು ತಕ್ಕ ಹೊತ್ತು. ಕ್ಯಾಡಿಲಾಕ್ ಮೇಲ್ವರ್ಗದ ಕಾರುಗಳಿಗೇ ಅಂಟಿಕೊಂಡಿತು. ಪ್ಯಾಕರ್ಡ್ ಮಾತ್ರ ಮಧ್ಯಮ ಬೆಲೆಯ ಕಾರುಗಳನ್ನೇ ಮುಂದುವರಿಸಿ, ಟ್ಯಾಕ್ಸಿಗಳನ್ನೂ ತಯಾರಿಸಿತು. 1948ರ ಉಬ್ಬಿದ ಮೈಯ ಮಾದರಿಯನ್ನು ಜನ ಗಬ್ಬದ ಆನೆ ಎಂದು ಗೇಲಿ ಮಾಡಿದರು. ಕ್ಯಾಡಿಲಾಕ್ 1949ರಲ್ಲಿ ಹೊಸ ವಿ-8 ಎಂಜಿನ್ ತಂದರೆ ಪ್ಯಾಕರ್ಡ್ ಹಳೆಯ ನೇರಸಾಲಿನ ಎಂಟು ಸಿಲಿಂಡರಿನಲ್ಲೇ 1954ರವರೆಗೆ ನಡೆಯಿತು.

ಎರಡನೆಯ ಪೆಟ್ಟು ಬಾಡಿಯದು. 1940ರ ದಶಕದ ಆರಂಭದಿಂದ ಕಾರಿನ ಬಾಡಿ ಕಟ್ಟುವ ಕೆಲಸವನ್ನು ಪ್ಯಾಕರ್ಡ್ ಬ್ರಿಗ್ಸ್ ಎಂಬ ಕಂಪನಿಗೆ ವಹಿಸಿತ್ತು. 1953ರ ಕೊನೆಯಲ್ಲಿ ಕ್ರೈಸ್ಲರ್ ಕಂಪನಿ ಬ್ರಿಗ್ಸ್‌ನ ಕಾರ್ಖಾನೆಗಳನ್ನು ಕೊಂಡಿತು. ಪ್ರತಿಸ್ಪರ್ಧಿಯ ಕೈಯಿಂದ ಬಾಡಿ ಪಡೆಯುವ ಸ್ಥಿತಿ ತಪ್ಪಿಸಲು ಪ್ಯಾಕರ್ಡ್ ಆತುರದಲ್ಲಿ ಕಾನರ್ ಅವೆನ್ಯೂದ ಇಕ್ಕಟ್ಟಾದ ಕಟ್ಟಡಕ್ಕೆ ಜೋಡಣೆಯನ್ನೆಲ್ಲ ಸ್ಥಳಾಂತರಿಸಿತು. ಗುಣಮಟ್ಟ ಕೈಕೊಟ್ಟದ್ದು ಅಲ್ಲಿ.

ಗೃಹೋಪಯೋಗಿ ಯಂತ್ರಗಳ ಹಾಟ್‌ಪಾಯಿಂಟ್ ಕಂಪನಿಯಿಂದ 1952ರಲ್ಲಿ ಬಂದಿದ್ದ ಅಧ್ಯಕ್ಷ ಜೇಮ್ಸ್ ನ್ಯಾನ್ಸ್ ರೋಗವನ್ನು ಸರಿಯಾಗಿಯೇ ಗುರುತಿಸಿದರು: ಪ್ಯಾಕರ್ಡ್ ಹೆಸರು ಮತ್ತೆ ದೊಡ್ಡ ಕಾರುಗಳಿಗೆ ಮಾತ್ರ ಮೀಸಲಾಗಬೇಕು, ಅಗ್ಗದವು ಕ್ಲಿಪ್ಪರ್ ಎಂಬ ಹೆಸರಲ್ಲಿ ಹೋಗಬೇಕು. ಮದ್ದು ಹತ್ತುವ ಮೊದಲೇ 1954ರಲ್ಲಿ ಪ್ಯಾಕರ್ಡ್ ಸ್ಟುಡಿಬೇಕರ್ ಕಂಪನಿಯನ್ನು ಕೊಂಡಿತು. ಸ್ಟುಡಿಬೇಕರ್ ನಷ್ಟದ ಆಳ ಗೊತ್ತಾದದ್ದು ವ್ಯವಹಾರ ಮುಗಿದ ಮೇಲೆ. 1955ರ ಪ್ಯಾಕರ್ಡ್ ಹೊಸ ವಿ-8 ಎಂಜಿನ್ನಿನೊಂದಿಗೆ ಬಂತು. ಪಟ್ಟಿ ಸ್ಪ್ರಿಂಗು, ಸುರುಳಿ ಸ್ಪ್ರಿಂಗುಗಳ ಬದಲು ತಿರುಚುವ ಉದ್ದ ಸರಳುಗಳ ಮೇಲೆ ಕೂತ ಆ ಕಾರು, ಭಾರ ಹೆಚ್ಚಾದಾಗ ವಿದ್ಯುತ್ ಮೋಟಾರಿನಿಂದ ತಾನೇ ಮಟ್ಟ ಸರಿಪಡಿಸಿಕೊಳ್ಳುತ್ತಿತ್ತು. ಜನ ಮೆಚ್ಚಿದರು, ಆದರೆ ದೋಷಗಳ ದೂರು ಬೆಳೆಯಿತು. 1956ರ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಪ್ಯಾಕರ್ಡ್ ತಯಾರಿಕೆ ನಿಂತಿತು. ಮುಂದಿನ ಎರಡು ವರ್ಷ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಾರಿಗೇ ಪ್ಯಾಕರ್ಡ್ ಬಿಲ್ಲೆ ಹಚ್ಚಿ ಮಾರಿದ್ದಾಯಿತು. 1958ರ ಜುಲೈಯಲ್ಲಿ ಅದೂ ಮುಗಿಯಿತು. 1962ರಲ್ಲಿ ಕಂಪನಿಯ ಹೆಸರಿನಿಂದಲೂ ಪ್ಯಾಕರ್ಡ್ ಪದ ಹೊರಬಿತ್ತು.

ಭಾರತದಲ್ಲಿ, ಕರಾವಳಿಯಲ್ಲಿ

ಅಮೆರಿಕದ ಕಾರುಗಳು ಭಾರತದ ರಸ್ತೆಯಿಂದ ಮರೆಯಾದದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಕಾರಣ ಮಾತ್ರ ಬೇರೆ. ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈಯಲ್ಲಿ ಕಾರು ಜೋಡಿಸಲು ತೊಡಗಿತ್ತು. ದೇಶದಲ್ಲೇ ಕಾರು ತಯಾರಾಗಬೇಕೆಂದು ಪಟ್ಟು ಹಿಡಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮೊದಲಿಗರು. 1935ರಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಅವರು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಬ್ರಿಟಿಷ್ ಸರ್ಕಾರ ಒಲವು ತೋರದ ಕಾರಣ ಬೆಂಗಳೂರಿನಲ್ಲಿ ಆಗಬೇಕಿದ್ದ ಕಾರು ಕಾರ್ಖಾನೆ ಕೈಗೂಡಲಿಲ್ಲ. ಬದಲಿಗೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬೆಂಗಳೂರಿಗೆ ಬಂತು. ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿ, ಕ್ರೈಸ್ಲರ್ ಒಪ್ಪಂದದಡಿ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಜೋಡಿಸಿದರು. ಬಿರ್ಲಾಗಳ ಹಿಂದೂಸ್ತಾನ್ ಮೋಟಾರ್ಸ್ ಕೆಲಕಾಲ ಸ್ಟುಡಿಬೇಕರ್ ಜೋಡಿಸಿತು.

ಆಗ ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ದಕ್ಷಿಣ ಕನ್ನಡದಲ್ಲಿ ಮೋಟಾರು ಎಂದರೆ ಮೊದಲು ಬಸ್ಸು. ಸಿಪಿಸಿ ಎಂದು ಮನೆಮಾತಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯಂಥ ಖಾಸಗಿ ಸಂಸ್ಥೆಗಳು ಇಲ್ಲಿಯ ಸಂಚಾರ ಕಟ್ಟಿದವು. ಸೇತುವೆಯಿಲ್ಲದ ಹೊಳೆಗಳಲ್ಲಿ ವಾಹನವನ್ನು ಜಂಗಲ್ ಎಂಬ ಜೋಡುದೋಣಿಯ ಮೇಲೆ ಹತ್ತಿಸಿ ದಾಟಿಸಬೇಕಿತ್ತು. ಸಿಪಿಸಿಯ ವಿ. ಎಸ್. ಕುಡ್ವರು ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ವರ್ಕ್‌ಶಾಪ್ಸ್, ವಾಹನಗಳ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾಯಿತು. ಮಂಗಳೂರು ಬಳಿಯ ಬಜಪೆಯ ವಿಮಾನ ನಿಲ್ದಾಣ 1951ರ ಡಿಸೆಂಬರ್ 25ರಂದು ಆರಂಭವಾದಾಗ ಪ್ರಧಾನಿ ಜವಾಹರಲಾಲ್ ನೆಹರೂ ಬಂದಿಳಿದದ್ದು ಅಮೆರಿಕದಲ್ಲಿ ರೂಪುಗೊಂಡ ಡಕೋಟಾ ವಿಮಾನದಲ್ಲಿ. ಅದಾಗಿ ಎರಡು ಮೂರು ವರ್ಷದಲ್ಲೇ ಕೇಂದ್ರ ಸರ್ಕಾರ, ಇಲ್ಲಿಯೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದ ಕಂಪನಿಗಳಿಗೆ ಮಾತ್ರ ಅವಕಾಶ ಎಂಬ ನೀತಿ ತಂದಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಬಾಗಿಲು ಮುಚ್ಚಿ ಹೊರಟವು. ಬಜಪೆಯಿಂದ ಮರವೂರು, ಕಾವೂರು ಹಾದಿಯಾಗಿ ಮಂಗಳೂರಿಗೆ ಹೋಗುವ ಟ್ಯಾಕ್ಸಿಗಳೆಂದರೆ ಮುಂದಿನ ದಶಕಗಳಲ್ಲಿ ಅಂಬಾಸಿಡರ್ ಮತ್ತು ಫಿಯಟ್.

ಉಳಿದದ್ದು

ಡೆಟ್ರಾಯಿಟ್‌ನ ಪ್ಯಾಕರ್ಡ್ ಕಾರ್ಖಾನೆ ದಶಕಗಳ ಕಾಲ ಹಾಳು ಬಿದ್ದು, ಆ ನಗರದ ಅವನತಿಯ ಗುರುತಾಗಿ ಛಾಯಾಚಿತ್ರಗಳಲ್ಲಿ ಪ್ರಸಿದ್ಧವಾಯಿತು. 2013ರಲ್ಲಿ ಅದು ನಾಲ್ಕು ಲಕ್ಷ ಡಾಲರ್ ಆಸುಪಾಸಿಗೆ ಹರಾಜಾಯಿತು. ಪುನರುಜ್ಜೀವನದ ಯೋಜನೆ ನಡೆಯದೆ 2022ರಿಂದ ಕೆಡವುವ ಕೆಲಸ ಶುರುವಾಯಿತು. 1899ರ ಮೊದಲ ಕಾರು ಲೀಹೈ ವಿಶ್ವವಿದ್ಯಾಲಯದಲ್ಲಿ, ಜೇಮ್ಸ್ ಪ್ಯಾಕರ್ಡ್ ಕೊಟ್ಟ ಹಣದಿಂದಲೇ ಕಟ್ಟಿದ ಪ್ರಯೋಗಾಲಯದಲ್ಲಿದೆ. ವಾರನ್‌ನಲ್ಲಿ ಪ್ಯಾಕರ್ಡ್ ವಸ್ತುಸಂಗ್ರಹಾಲಯವಿದೆ. ಹಳೆಯ ಕಾರುಗಳನ್ನು ಕಾಪಾಡುವ ಕೆಲಸ ಕರ್ನಾಟಕದಲ್ಲೂ ನಡೆದಿದ್ದು, ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಸಂಗ್ರಹ ನಾಡಿನ ಹಿರಿಯ ಸಂಗ್ರಹಗಳಲ್ಲೊಂದು.

ಸಹೋದರರ ಮೊದಲ ವ್ಯಾಪಾರ ಮಾತ್ರ ಕಾರಿಗಿಂತ ಹೆಚ್ಚು ಬಾಳಿತು. ಅವರ ವಿದ್ಯುತ್ ಕಂಪನಿ ಕಾರುಗಳ ವೈರಿಂಗ್ ತಯಾರಿಸುತ್ತ ಬೆಳೆದು, 1932ರಲ್ಲಿ ಜನರಲ್ ಮೋಟಾರ್ಸ್ ಪಾಲಾಯಿತು. ಮುಂದೆ ಅದು ಡೆಲ್ಫಿ ಕಂಪನಿಯ ಭಾಗವಾಯಿತು. 2017ರಲ್ಲಿ ಆ್ಯಪ್ಟಿವ್ ಎಂಬ ಹೆಸರು ಪಡೆದ ಆ ಸಂಸ್ಥೆಯ ತಾಂತ್ರಿಕ ಕೇಂದ್ರವೊಂದು ಬೆಂಗಳೂರಿನಲ್ಲಿದೆ.