ತೆಶಿಮಾ ಕಲಾಮಂದಿರ, ಜಪಾನ್

ಸೆತೊ ಒಳಸಮುದ್ರದ ತೆಶಿಮಾ ದ್ವೀಪದಲ್ಲಿ, ಸೋಪಾನದಂತೆ ಇಳಿದುಬಂದ ಗದ್ದೆಗಳ ನೆರೆಯ ಗುಡ್ಡದ ಮೇಲೆ, ವಾಸ್ತುಶಿಲ್ಪಿ ರ್‍ಯೂಎ ನಿಶಿಜಾವಾ ಹಾಗೂ ಕಲಾವಿದೆ ರೇ ನೈತೊ ಇವರ ಸಹಯೋಗದಿಂದ ರೂಪುಗೊಂಡು 2010ರಲ್ಲಿ ತೆರೆದ ಈ ಮಂದಿರವು, ಸುಮಾರು 40 ಮೀಟರು ಅಗಲ, 60 ಮೀಟರು ಉದ್ದವಿದ್ದೂ ಒಂದು ಕಂಬವನ್ನಾದರೂ ಆಶ್ರಯಿಸದೆ, ನೀರಹನಿಯ ಆಕೃತಿಯಲ್ಲಿ ಭೂಮಿಗೆ ಒರಗಿರುವ ಕಾಂಕ್ರೀಟಿನ ತೆಳುಚಿಪ್ಪು. ಮಣ್ಣಿನ ದಿಬ್ಬವನ್ನೇ ಅಚ್ಚಾಗಿಸಿ, ಮೇಲೆ ಕಾಂಕ್ರೀಟು ಹೊಯ್ದು, ಅದು ಗಟ್ಟಿಯಾದ ಬಳಿಕ ಒಳಮಣ್ಣನ್ನು ಅಗೆದು ತೆಗೆದುದರಿಂದ ಒದಗಿದ ಒಳಾವರಣವಿದು. ಛಾವಣಿಯ ಎರಡು ಅಂಡಾಕಾರದ ತೆರಪುಗಳಿಂದ ಗಾಳಿ, ಬೆಳಕು, ಮಳೆ, ಹಕ್ಕಿಯ ದನಿ ತಡೆಯಿಲ್ಲದೆ ಒಳಬರುವುವು. ನೆಲದ ಸೂಕ್ಷ್ಮರಂಧ್ರಗಳಿಂದ ಒಸರುವ ಜಲಬಿಂದುಗಳು, ಕಣ್ಣಿಗೆ ಕಾಣದಷ್ಟು ನಸುವಾದ ಇಳಿಜಾರನ್ನರಸಿ ಹರಿದು, ಕೂಡಿ, ಕೊಳಗಳಾಗುವುವು. ನೈತೊ ಅವರ ‘ಮ್ಯಾಟ್ರಿಕ್ಸ್’ ಎಂಬ ಕೃತಿ ಇದೇ. ಪಾದರಕ್ಷೆಯನ್ನು ಕಳಚಿ, ಮೌನದಿಂದ, ಹನಿಗಳನ್ನು ಮೆಟ್ಟದಂತೆ ನಡೆಯುವ ಎಚ್ಚರವೇ ಚಿತ್ತವನ್ನು ಅಂತರ್ಮುಖಗೊಳಿಸಬಲ್ಲದು. ಮಳೆಯ ದಿನ ಬಂದವರು ನಿಜಕ್ಕೂ ಭಾಗ್ಯವಂತರು.