ನುಡಿಸುವ ವಿದ್ಯೆ, ಕಲಿಸುವ ವಿದ್ಯೆ: ಪಿಯಾನೊ ಶಿಕ್ಷಕರ ತರಬೇತಿ ಬೆಳೆದುಬಂದ ಬಗೆ

ಪಿಯಾನೊದ ಚರಿತ್ರೆ ಬರೆದವರು ವಾದ್ಯ ತಯಾರಿಸಿದವರನ್ನು, ಅದಕ್ಕೆ ಸಂಗೀತ ರಚಿಸಿದವರನ್ನು, ವೇದಿಕೆಯ ಮೇಲೆ ನುಡಿಸಿದವರನ್ನು ಮನಸಾರೆ ನೆನೆದಿದ್ದಾರೆ. ಮನೆಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದವರಿಗೆ ಅಲ್ಲಿ ಸಿಕ್ಕಿರುವ ಜಾಗ ತೀರ ಕಡಿಮೆ. ಈ ಪಾಠ ಹೇಳುವವರು ತಮ್ಮ ಕಸುಬನ್ನು ಎಲ್ಲಿ, ಯಾರಿಂದ ಕಲಿತರು? ಚೆನ್ನಾಗಿ ನುಡಿಸಬಲ್ಲವರು ತಾವಾಗಿಯೇ ಚೆನ್ನಾಗಿ ಕಲಿಸಬಲ್ಲರು ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಪ್ರಶ್ನೆಯಿಲ್ಲದೆ ನಡೆದುಬಂತು. ಅದನ್ನು ಅಲುಗಾಡಿಸಿದ ಕೀರ್ತಿ ದೊಡ್ಡ ವಾದಕರಿಗೆ ಸಲ್ಲುವುದಿಲ್ಲ ಎಂಬುದು ಈ ಲೇಖನದ ವಾದ. ವೃತ್ತಿಯವರು ಅನುಮಾನದಿಂದ ಕಂಡ ಒಬ್ಬ ವ್ಯಾಪಾರಿ, ಪಾಠದ ಸಂಪಾದನೆಯಿಂದಲೇ ಬದುಕಬೇಕಾಗಿದ್ದ ಸಾವಿರಾರು ಹೆಂಗಸರು, ಆರೇಳು ವರ್ಷದ ಮಕ್ಕಳನ್ನು ಮೊದಲ ಬಾರಿಗೆ ವಾದ್ಯದ ಮುಂದೆ ಕೂರಿಸಬೇಕಾಗಿ ಬಂದವರು, ಈ ಕೆಲಸ ಮಾಡಿದ್ದು ಇವರು.

ಹಾಗೆಂದು ಹಳಬರಿಗೆ ಕಲಿಸುವ ಕಷ್ಟ ತಿಳಿದಿರಲಿಲ್ಲ ಎನ್ನಲಾಗದು. ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ತೊಫೊರಿ 1700ರ ಸುಮಾರಿಗೆ ಪಿಯಾನೊವನ್ನು ರೂಪಿಸಿದರೂ ಆ ವಾದ್ಯ ಮನೆಗಳನ್ನು ಸೇರಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಹಾರ್ಪ್ಸಿಕಾರ್ಡ್ ಕಲಿಸುತ್ತಿದ್ದ ಫ್ರಾನ್ಸಿನ ಫ್ರಾನ್ಸ್ವಾ ಕೂಪರಾಂ 1716ರಲ್ಲಿ ಒಂದು ಕೈಪಿಡಿ ಪ್ರಕಟಿಸಿದ. ಮಕ್ಕಳು ಆರೇಳು ವರ್ಷಕ್ಕೆ ಪಾಠ ಶುರುಮಾಡಬೇಕು, ಆದರೆ ಆರಂಭದ ದಿನಗಳಲ್ಲಿ ಗುರು ಎದುರಿಗಿಲ್ಲದೆ ಅವರು ಅಭ್ಯಾಸ ಮಾಡಬಾರದು ಎನ್ನುತ್ತಾನೆ ಅವನು. ಮುಕ್ಕಾಲು ಗಂಟೆ ಶ್ರಮಪಟ್ಟು ಕೂರಿಸಿದ ಕೈಯನ್ನು ಮಗು ಕ್ಷಣದಲ್ಲಿ ಕೆಡಿಸಿಕೊಳ್ಳುತ್ತದೆ. ಆದ್ದರಿಂದ ಪಾಠ ಮುಗಿದ ಮೇಲೆ ವಾದ್ಯದ ಬೀಗದ ಕೈಯನ್ನು ತಾನೇ ಒಯ್ಯುತ್ತಿದ್ದುದಾಗಿ ಅವನು ಬರೆದಿದ್ದಾನೆ. ಮಗುವಿನ ಕೈಯನ್ನು ಇಷ್ಟು ಹತ್ತಿರದಿಂದ ಗಮನಿಸಿದವನು ಸಹ ಇನ್ನೊಬ್ಬ ಗುರುವನ್ನು ತಯಾರುಮಾಡುವ ಯೋಚನೆಗೆ ಕೈಹಾಕಲಿಲ್ಲ. 1753ರಲ್ಲಿ ಸಿ.ಪಿ.ಇ. ಬಾಖ್ ಬರೆದ ಗ್ರಂಥ ನುಡಿಸುವವನನ್ನು ಉದ್ದೇಶಿಸಿದ್ದು. 1789ರಲ್ಲಿ ಬಂದ ಡೇನಿಯಲ್ ಗಾಟ್ಲೋಬ್ ಟ್ಯೂರ್ಕ್‌ನ ‘ಕ್ಲಾವಿಯರ್‌ಶೂಲೆ’ಯ ಮುಖಪುಟದಲ್ಲೇ ಇದು ಕಲಿಯುವವರಿಗೂ ಕಲಿಸುವವರಿಗೂ ಎಂಬ ಮಾತಿದೆ. ಕಲಿಸುವವನೂ ಓದಿ ತಿಳಿಯಬೇಕಾದದ್ದಿದೆ ಎಂಬ ಅರಿವು ಇಲ್ಲಿ ಮೂಡಿತು. ಆದರೆ ಪುಸ್ತಕ ಓದುವವನ ತಪ್ಪನ್ನು ಪುಸ್ತಕ ಕಾಣಲಾರದು.

ತರಬೇತಿ ಎಂಬ ಹೆಸರಿಗೆ ತಕ್ಕ ಮೊದಲ ಯತ್ನ ಡಬ್ಲಿನ್‌ನಲ್ಲಿ ನಡೆಯಿತು. ಜೊಹಾನ್ ಬರ್ನ್‌ಹಾರ್ಡ್ ಲೋಜಿಯರ್ 1777ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಹುಟ್ಟಿ, ಬ್ಯಾಂಡ್ ಕಲಾವಿದನಾಗಿ ಐರ್ಲೆಂಡಿಗೆ ಬಂದು, ಡಬ್ಲಿನ್‌ನಲ್ಲಿ ಸಂಗೀತದ ಅಂಗಡಿ ತೆರೆದವನು. 1814ರಲ್ಲಿ ಅವನು ‘ಕೈರೊಪ್ಲಾಸ್ಟ್’ ಎಂಬ ಉಪಕರಣಕ್ಕೆ ಪೇಟೆಂಟ್ ಪಡೆದ. ಕೀಗಳ ಮುಂದೆ ಎರಡು ಮರದ ಅಡ್ಡಪಟ್ಟಿಗಳು, ಅವುಗಳ ನಡುವೆ ಮಣಿಕಟ್ಟು ಮೇಲಕ್ಕೂ ಕೆಳಕ್ಕೂ ಜಾರದಂತೆ ನಿಲ್ಲುತ್ತಿತ್ತು. ಬೆರಳುಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಲೋಹದ ತಡೆಗಳಿದ್ದವು. ಯಾವ ಸ್ವರಕ್ಕೆ ಯಾವ ಕೀ ಎಂದು ತೋರಿಸುವ ಒಂದು ಹಲಗೆಯೂ ಇತ್ತು. ಇದರೊಂದಿಗೆ ಅವನು ಸಾಮೂಹಿಕ ಪಾಠವನ್ನು ಬಳಕೆಗೆ ತಂದ. ಒಂದೇ ಕೋಣೆಯಲ್ಲಿ ಹಲವು ಪಿಯಾನೊಗಳು. ಹೊಸ ಮಕ್ಕಳು ಸರಳ ಪಾಠ ನುಡಿಸುತ್ತಿದ್ದಂತೆ ಮುಂದುವರಿದವರು ಅದೇ ತಾಳಕ್ಕೆ ಅದರ ವಿಸ್ತಾರಗಳನ್ನು ನುಡಿಸುತ್ತಿದ್ದರು.

ಲಂಡನ್ನಿನ ಸಂಗೀತಗಾರರು ಇದನ್ನು ಸುಮ್ಮನೆ ಬಿಡಲಿಲ್ಲ. ಅವನ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು, ಖಂಡನೆಯ ಹೊತ್ತಗೆಗಳನ್ನು ಅಚ್ಚುಹಾಕಿಸಿದರು, ಮೋಸಗಾರ ಎಂದರು. ತನ್ನ ಪದ್ಧತಿಯನ್ನು ಕಲಿಸಿಕೊಡಲು ಅವನು ಇತರ ಶಿಕ್ಷಕರಿಂದ ನೂರು ಗಿನಿ ಶುಲ್ಕ ತೆಗೆದುಕೊಳ್ಳುತ್ತಿದ್ದದ್ದು ಸಿಟ್ಟಿಗೆ ಇನ್ನಷ್ಟು ಕಾರಣವಾಯಿತು. ಈ ಶುಲ್ಕದ ವಿಷಯವನ್ನು ಬೇರೆ ಬಗೆಯಲ್ಲಿ ನೋಡಬೇಕು ಎಂದು ನನಗನ್ನಿಸುತ್ತದೆ. ಶಿಕ್ಷಕ ಮತ್ತೊಬ್ಬ ಶಿಕ್ಷಕನ ಬಳಿ ಕಲಿಸುವುದನ್ನೇ ಕಲಿಯಲು ಹಣ ತೆತ್ತು ಬಂದದ್ದು, ತರಗತಿಯಲ್ಲಿ ಕೂತು ಪಾಠ ನಡೆಯುವುದನ್ನು ಕಂಡದ್ದು, ತನ್ನ ಊರಿಗೆ ಮರಳಿ ಅದೇ ಬಗೆಯ ಶಾಲೆ ತೆರೆದದ್ದು ಪಿಯಾನೊ ಲೋಕದಲ್ಲಿ ಹೊಸ ಸಂಗತಿ. ವಾದಕ ಕಾಲ್ಕ್‌ಬ್ರೆನ್ನರ್ ಅವನ ಜೊತೆ ಸೇರಿದ. 1820ರಲ್ಲಿ ಲಂಡನ್‌ಗೆ ಬಂದಿದ್ದ ಪಿಟೀಲು ವಿದ್ವಾಂಸ ಲೂಯಿ ಸ್ಪೋರ್ ಈ ತರಗತಿಯನ್ನು ನೋಡಿ ವಿವರವಾಗಿ ಬರೆದ. ಪ್ರಷ್ಯಾದ ಸರ್ಕಾರ ಲೋಜಿಯರ್‌ನನ್ನು ಬರ್ಲಿನ್‌ಗೆ ಕರೆಸಿ ಶಿಕ್ಷಕರಿಗೆ ಪಾಠ ಹೇಳಿಸಿತು. ಲೈಪ್ಜಿಗ್‌ನಲ್ಲಿ ಪಿಯಾನೊ ಅಂಗಡಿ ನಡೆಸುತ್ತಿದ್ದ ಫ್ರೀಡ್ರಿಶ್ ವೀಕ್ ಈ ಪದ್ಧತಿಯನ್ನು ಕೆಲಕಾಲ ಅನುಸರಿಸಿದವನು. ಅವನ ಮಗಳು ಕ್ಲಾರಾ ಮುಂದೆ ಆ ಶತಮಾನದ ಶ್ರೇಷ್ಠ ವಾದಕಿಯರಲ್ಲಿ ಒಬ್ಬಳಾದಳು. ಕೈರೊಪ್ಲಾಸ್ಟ್ ಇಂದು ವಸ್ತುಸಂಗ್ರಹಾಲಯದ ಸರಕು. ಬೆರಳನ್ನು ಕಟ್ಟಿಹಾಕುವ ಆ ಯೋಚನೆ ತಪ್ಪೇ ಆಗಿತ್ತು. ಅದರ ಮರೆಯಲ್ಲಿ ಲೋಜಿಯರ್ ಕಟ್ಟಿದ ಶಿಕ್ಷಕರ ತರಗತಿಯನ್ನು ಚರಿತ್ರೆಕಾರರು ಯಂತ್ರದೊಂದಿಗೇ ಮೂಲೆಗೆ ಸರಿಸಿದ್ದು ಅನ್ಯಾಯ.

ಕನ್ಸರ್ವೇಟರಿಗಳ ಕತೆ ಇಲ್ಲಿ ಚುಟುಕಾಗಿ ಸಾಕು. ಪ್ಯಾರಿಸ್ 1795, ಲಂಡನ್ನಿನ ರಾಯಲ್ ಅಕಾಡೆಮಿ 1822, ಲೈಪ್ಜಿಗ್ 1843, ಸೇಂಟ್ ಪೀಟರ್ಸ್‌ಬರ್ಗ್ 1862. ಇವುಗಳ ಪಾಠಕ್ರಮ ವಾದಕರಿಗಾಗಿ ರೂಪುಗೊಂಡದ್ದು. ಹೊರಬಂದವರಲ್ಲಿ ಬಹುಪಾಲು ಜನ ಬದುಕಿದ್ದು ಮಾತ್ರ ಪಾಠದಿಂದ. ಹದಿಹರೆಯದಲ್ಲೇ ಪಾಠ ಹೇಳಲು ತೊಡಗಿದ ಕಾರ್ಲ್ ಚೆರ್ನಿಯ ಶಿಷ್ಯ ತಿಯೊಡೋರ್ ಲೆಶೆಟಿಟ್‌ಸ್ಕಿ ವಿಯೆನ್ನಾದಲ್ಲಿ ಸಹಾಯಕ ಶಿಕ್ಷಕರ ಏರ್ಪಾಟು ಮಾಡಿಕೊಂಡಿದ್ದ. ಹೊಸ ಶಿಷ್ಯರ ಕೈ ತಿದ್ದಿ, ತಯಾರಾದ ಮೇಲೆ ಗುರುವಿನ ಬಳಿಗೆ ಕಳಿಸುವುದು ಅವರ ಕೆಲಸ. ಅವರಲ್ಲಿ ಒಬ್ಬಳಾದ ಮಾಲ್ವಿನ್ ಬ್ರೇ 1902ರಲ್ಲಿ ಗುರುವಿನ ಪದ್ಧತಿಯ ಮೂಲಪಾಠಗಳನ್ನು ಗ್ರಂಥವಾಗಿ ತಂದಳು. ತನಗೆ ಪದ್ಧತಿಯೇ ಇಲ್ಲ ಎನ್ನುತ್ತಿದ್ದ ಗುರುವಿನ ಪದ್ಧತಿಯನ್ನು ಬರೆದಿಡಬಲ್ಲವಳು ದಿನವೂ ಹೊಸಬರ ಕೈ ಹಿಡಿದು ತಿದ್ದಿದವಳೇ ಆಗಿದ್ದಳು.

ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಪಿಯಾನೊ ಕಾರ್ಖಾನೆಯ ಸರಕಾಯಿತು, ಕಂತಿನ ಮೇಲೆ ಸಿಗುವಂತಾಯಿತು. ಮಧ್ಯಮ ವರ್ಗದ ಮನೆಗೆ ವಾದ್ಯ ಬಂದ ಮೇಲೆ ಮಕ್ಕಳಿಗೆ ಪಾಠ ಬೇಕಾಯಿತು. ಗೌರವದಿಂದ ಸಂಪಾದಿಸುವ ದಾರಿಗಳು ವಿರಳವಾಗಿದ್ದ ಹೆಂಗಸರಿಗೆ ಈ ಪಾಠ ಒಂದು ಆಸರೆಯಾಯಿತು. ಬಾಗಿಲಿಗೆ ಫಲಕ ತಗುಲಿಹಾಕಿದರೆ ಸಾಕಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಈ ಅರಾಜಕತೆಗೆ ಉತ್ತರವಾಗಿ ಆರೇ ವರ್ಷಗಳ ಅಂತರದಲ್ಲಿ ಮೂರು ದೇಶಗಳ ಶಿಕ್ಷಕರು ಒಟ್ಟುಗೂಡಿದರು. 1876ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲಿ ತಿಯೊಡೋರ್ ಪ್ರೆಸ್ಸರ್‌ನ ಮುಂದಾಳತ್ವದಲ್ಲಿ ಸಂಗೀತ ಶಿಕ್ಷಕರ ರಾಷ್ಟ್ರೀಯ ಸಂಘ ಹುಟ್ಟಿತು. 1878ರಲ್ಲಿ ಬರ್ಲಿನ್‌ನ ಎಮಿಲ್ ಬ್ರೆಸ್ಲಾವರ್ ‘ಪಿಯಾನೊ ಶಿಕ್ಷಕ’ ಎಂಬ ಅರ್ಥದ ಹೆಸರಿನ ಪತ್ರಿಕೆ ಆರಂಭಿಸಿದ. ಪಿಯಾನೊ ಶಿಕ್ಷಕರಿಗೆಂದೇ ಒಂದು ತರಬೇತಿ ಶಾಲೆಯನ್ನೂ ನಡೆಸಿದ. 1882ರಲ್ಲಿ ಇಂಗ್ಲೆಂಡಿನ ವೃತ್ತಿನಿರತ ಸಂಗೀತಗಾರರು ಸಂಘ ಕಟ್ಟಿದರು.

ಆದರೆ ಮೊದಲ ಪಾಠದ ಒಳಗೆ ಏನು ನಡೆಯಬೇಕು ಎಂಬುದನ್ನು ಆಳವಾಗಿ ಚಿಂತಿಸಿದವಳು ಡಬ್ಲಿನ್‌ನಲ್ಲಿ ಹುಟ್ಟಿದ ಆನಿ ಜೆಸ್ಸಿ ಕರ್ವೆನ್. ಸೋಲ್-ಫಾ ಗಾಯನ ಪದ್ಧತಿಯನ್ನು ಹರಡಿದ ಕರ್ವೆನ್ ಮನೆತನದ ಸೊಸೆ ಆಕೆ. 1886ರಲ್ಲಿ ಬಂದ ಆಕೆಯ ‘ದಿ ಚೈಲ್ಡ್ ಪಿಯಾನಿಸ್ಟ್’ ಹಿಂದಿನ ಕೈಪಿಡಿಗಳಿಗಿಂತ ಬೇರೆ ದಾರಿ ಹಿಡಿಯಿತು. ಮಗುವಿನ ಪುಸ್ತಕಗಳ ಜೊತೆಗೆ ಶಿಕ್ಷಕಿಗಾಗಿ ಒಂದು ಮಾರ್ಗದರ್ಶಿ ಪುಸ್ತಕವಿತ್ತು; ಪಾಠದಲ್ಲಿ ಏನನ್ನು ಯಾವಾಗ ಕೇಳಬೇಕು, ಏನನ್ನು ಇನ್ನೂ ಹೇಳಬಾರದು ಎಂಬ ವಿವರ ಅದರಲ್ಲಿತ್ತು. ಸುಲಭವಾದದ್ದು ಮೊದಲು, ಕಠಿಣವಾದದ್ದು ಆಮೇಲೆ. ವಸ್ತು ಮೊದಲು, ಅದರ ಚಿಹ್ನೆ ಆಮೇಲೆ. ಅಂದರೆ ಮಗು ತಾಳವನ್ನು ಕಿವಿಯಿಂದ ಗುರುತಿಸಿದ ಮೇಲಷ್ಟೇ ಕಾಗದದ ಮೇಲಿನ ಗುರುತನ್ನು ಕಾಣಬೇಕು. ಶಾಲಾ ಶಿಕ್ಷಣದಲ್ಲಿ ಚರ್ಚೆಯಾಗುತ್ತಿದ್ದ ಈ ತತ್ವಗಳನ್ನು ಆಕೆ ಪಿಯಾನೊದ ಪಕ್ಕದ ಕುರ್ಚಿಗೆ ತಂದಳು. ತನ್ನ ಉಪನ್ಯಾಸಗಳನ್ನು ಕೂಡಿಸಿ, ಸಂಗೀತ ಬೋಧನೆಗೆ ಮನಶ್ಶಾಸ್ತ್ರವನ್ನು ಅನ್ವಯಿಸುವ ಒಂದು ಗ್ರಂಥವನ್ನೂ ಹೊರತಂದಳು. ಲಂಡನ್ನಿನ ಪಿಯಾನೊ ಶಿಕ್ಷಕ ಟೋಬಿಯಸ್ ಮ್ಯಾಥೆಯ ‘ದಿ ಆಕ್ಟ್ ಆಫ್ ಟಚ್’ (1903) ತೋಳಿನ ಭಾರ, ಸ್ನಾಯುಗಳ ಸಡಿಲಿಕೆ ಇವುಗಳ ವಿಶ್ಲೇಷಣೆಯಿಂದ ಹೆಚ್ಚು ಹೆಸರು ಪಡೆಯಿತು, ಮೈರಾ ಹೆಸ್‌ಳಂಥ ಶಿಷ್ಯೆಯಿಂದ ಇನ್ನಷ್ಟು. ಈ ಎರಡರಲ್ಲಿ ಒಂದನ್ನೇ ಆರಿಸು ಎಂದರೆ, ಹೊಸ ಶಿಕ್ಷಕಿಯ ಕೈಗೆ ನಾನು ಕೊಡುವುದು ಕರ್ವೆನ್‌ಳ ಮಾರ್ಗದರ್ಶಿಯನ್ನು.

ಇದೇ ಕಾಲದ ಇಂಗ್ಲೆಂಡಿನಲ್ಲಿ ಬೇರೂರಿದ ಪರೀಕ್ಷಾ ಪದ್ಧತಿ ನಮ್ಮ ನಾಡಿಗೂ ಬಂತು. ಟ್ರಿನಿಟಿ ಕಾಲೇಜು 1870ರ ದಶಕದಲ್ಲೂ, ಎರಡು ರಾಯಲ್ ಸಂಸ್ಥೆಗಳು ಕೂಡಿ ಕಟ್ಟಿದ ಮಂಡಳಿ 1889ರಲ್ಲೂ ಊರೂರಿಗೆ ಪರೀಕ್ಷಕರನ್ನು ಕಳಿಸುವ ವ್ಯವಸ್ಥೆಯನ್ನು ಹುಟ್ಟುಹಾಕಿದವು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಅಭ್ಯಾಸ ಮಾಡಿ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಆದರು. 1945ರಲ್ಲಿ ಟ್ರಿನಿಟಿ ಅವರಿಗೆ ಗೌರವ ಫೆಲೋಶಿಪ್ ನೀಡಿತು.  1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಶುರುವಾಯಿತು. ಪರೀಕ್ಷೆಗಳು ಮಟ್ಟವನ್ನು ಕಾಯ್ದುಕೊಂಡು ಬಂದದ್ದು ನಿಜ. ಆದರೆ ಈ ಪರೀಕ್ಷೆಗಳ ಎಂಟನೇ ಗ್ರೇಡ್ ಪಾಸಾದವರು ಮರುವರ್ಷವೇ ಮಕ್ಕಳಿಗೆ ಪಾಠ ಹೇಳತೊಡಗಿದಾಗ, ಅವರ ಬಳಿ ಇರುವುದು ಚೆನ್ನಾಗಿ ನುಡಿಸಿದ್ದಕ್ಕೆ ಸಿಕ್ಕ ಪ್ರಮಾಣಪತ್ರ ಮಾತ್ರ. ಹಳೆಯ ನಂಬಿಕೆ ಹೀಗೆ ಪರೀಕ್ಷೆಯ ಮುದ್ರೆಯೊಂದಿಗೆ ಮುಂದುವರಿಯುತ್ತದೆ.

ಕಲಿಸುವ ಕೆಲಸವನ್ನೇ ಪರೀಕ್ಷೆಗೆ ಒಡ್ಡಿದ ರಾಜ್ಯ ಪ್ರಷ್ಯಾ. ಬುಸೋನಿಯ ಶಿಷ್ಯನಾಗಿದ್ದ ಪಿಯಾನೊ ವಾದಕ ಲಿಯೊ ಕೆಸ್ಟೆನ್‌ಬರ್ಗ್ 1918ರ ಕೊನೆಯಲ್ಲಿ ಅಲ್ಲಿನ ಸಂಸ್ಕೃತಿ ಸಚಿವಾಲಯ ಸೇರಿದ. 1925ರ ಆದೇಶದಿಂದ ಖಾಸಗಿ ಸಂಗೀತ ಪಾಠ ಸರ್ಕಾರದ ಮೇಲ್ವಿಚಾರಣೆಗೆ ಬಂತು. ವಾದನದೊಂದಿಗೆ ಬೋಧನಾಶಾಸ್ತ್ರವೂ ಸೇರಿದ ರಾಜ್ಯಪರೀಕ್ಷೆ, ಅದಕ್ಕೆ ಸಿದ್ಧಗೊಳಿಸುವ ತರಬೇತಿ ಕೇಂದ್ರಗಳು ಜಾರಿಗೆ ಬಂದವು. ಯಹೂದಿಯಾಗಿದ್ದ ಕೆಸ್ಟೆನ್‌ಬರ್ಗ್ 1933ರಲ್ಲಿ ದೇಶ ಬಿಟ್ಟು ಪ್ರಾಗ್‌ಗೆ, ಅಲ್ಲಿಂದ ಪ್ಯಾಲೆಸ್ಟೈನ್‌ಗೆ ಹೋಗಬೇಕಾಯಿತು.

ಅಮೆರಿಕದಲ್ಲಿ ಇದೇ ಕೆಲಸ ಸರ್ಕಾರದ ಆದೇಶವಿಲ್ಲದೆ ಕಾಲೇಜುಗಳ ಒಳಗೆ ಬೆಳೆಯಿತು. ಮಿಷಿಗನ್‌ನ ಫ್ರಾನ್ಸಿಸ್ ಕ್ಲಾರ್ಕ್ ಮೊದಲು ಕಲಮಝೂ ಕಾಲೇಜಿನಲ್ಲೂ ಆಮೇಲೆ ಪ್ರಿನ್ಸ್‌ಟನ್‌ನಲ್ಲೂ ಪಿಯಾನೊ ಬೋಧನೆಯನ್ನು ಪ್ರತ್ಯೇಕ ವ್ಯಾಸಂಗ ವಿಷಯವಾಗಿ ಕಟ್ಟಿದಳು. 1955ರ ‘ಟೈಮ್ ಟು ಬಿಗಿನ್’ ಪುಸ್ತಕದಲ್ಲಿ ಒಂದೊಂದೇ ಸ್ವರದ ಹೆಸರು ಬಾಯಿಪಾಠ ಮಾಡಿಸುವ ಬದಲು ಸ್ವರಗಳ ನಡುವಿನ ಅಂತರವನ್ನು ಕಣ್ಣಿನಿಂದ ಹಿಡಿಯುವ ಓದನ್ನು ಆಕೆ ತಂದಳು. 1960ರಲ್ಲಿ ಸಹೋದ್ಯೋಗಿ ಲೂಯಿಸ್ ಗಾಸ್ ಜೊತೆ ‘ನ್ಯೂ ಸ್ಕೂಲ್ ಫಾರ್ ಮ್ಯೂಸಿಕ್ ಸ್ಟಡಿ’ ತೆರೆದಳು. ಮಕ್ಕಳ ಶಾಲೆಯೂ ಶಿಕ್ಷಕರ ಶಾಲೆಯೂ ಅಲ್ಲಿ ಒಂದೇ ಸೂರಿನಡಿ. ಪದವಿ ಮುಗಿಸಿ ಬಂದ ಯುವ ವಾದಕರು ಅನುಭವಿಗಳು ಪಾಠ ಮಾಡುವುದನ್ನು ನೋಡುತ್ತಾರೆ; ಆಮೇಲೆ ತಾವೇ ಹೊಸ ಮಕ್ಕಳ ಗುಂಪನ್ನು ಕೈಗೆತ್ತಿಕೊಳ್ಳುತ್ತಾರೆ. ಆಗ ಹಿರಿಯ ಶಿಕ್ಷಕರು ಗಮನಿಸುವುದು ಮಗುವಿನ ಕೈಯನ್ನಷ್ಟೇ ಅಲ್ಲ, ಪಾಠ ಹೇಳುತ್ತಿರುವವರನ್ನೂ.