ಹೆಪಟೈಟಿಸ್ ಸಿ: ಮದ್ದು ಉಚಿತ, ಕಳಂಕ ಮಾತ್ರ ದುಬಾರಿ

ಹೆಪಟೈಟಿಸ್ ಸಿ ಅಂದ್ರೆ ರಕ್ತದ ಮೂಲಕ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು. ಲಸಿಕೆ ಇಲ್ಲ. ಹಲವರಿಗೆ ವರ್ಷಗಟ್ಟಲೆ ಲಕ್ಷಣವೇ ಕಾಣಿಸಲ್ಲ. ಗೊತ್ತಾಗುವಷ್ಟರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿರಬಹುದು.

ಹರಡೋದು ಹೇಗೆ?
ಒಬ್ಬರಿಗೆ ಬಳಸಿದ ಸೂಜಿ, ಪರೀಕ್ಷಿಸದ ರಕ್ತ, ಶುದ್ಧ ಮಾಡದ ಟ್ಯಾಟೂ ಸಲಕರಣೆಗಳಿಂದ. ಒಟ್ಟಿಗೆ ಉಂಡರೆ, ಅಪ್ಪಿಕೊಂಡರೆ ಹರಡಲ್ಲ. ರೇಜರ್, ಟೂತ್‌ಬ್ರಷ್ ಮಾತ್ರ ಹಂಚಿಕೊಳ್ಳಬೇಡಿ.

ರಿಪೋರ್ಟ್ ಓದೋದು ಹೇಗೆ?
ಆಂಟಿಬಾಡಿ ಪಾಸಿಟಿವ್ ಅಂದ್ರೆ ವೈರಸ್ ಯಾವಾಗಲೋ ತಗುಲಿತ್ತು ಅಂತಷ್ಟೇ. ಈಗಲೂ ಇದೆಯಾ ಅಂತ ಹೇಳೋದು ಆರ್‌ಎನ್‌ಎ ಟೆಸ್ಟ್. ಗುಣವಾದ ಮೇಲೂ ಆಂಟಿಬಾಡಿ ಉಳಿಯುತ್ತೆ. ಹಾಗಾಗಿ ಅದೊಂದನ್ನೇ ನೋಡಿ ಕೆಲಸ ನಿರಾಕರಿಸೋದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಚಿಕಿತ್ಸೆ ಏನು?
ಸಾಮಾನ್ಯವಾಗಿ 12 ವಾರ ಮಾತ್ರೆ, ಶೇ. 95ಕ್ಕೂ ಹೆಚ್ಚು ಮಂದಿಗೆ ಗುಣವಾಗುತ್ತೆ. ಸೋಫೋಸ್ಬುವಿರ್ ಬಂದಾಗ ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ 1,000 ಡಾಲರ್. ಭಾರತದ ಜೆನೆರಿಕ್ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ನೆಲಕ್ಕಿಳಿಯಿತು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಟೆಸ್ಟೂ ಮಾತ್ರೆಯೂ ಉಚಿತ.

ಆಮೇಲೆ?
ಮದ್ಯ ಬಿಡಿ. ಸಿರೋಸಿಸ್ ಆಗಿದ್ದರೆ ತಪಾಸಣೆ ನಿಲ್ಲಿಸಬೇಡಿ. ಗುಣವಾದವರಿಗೂ ಮತ್ತೆ ಸೋಂಕು ತಗುಲಬಹುದು.

ಮಾತ್ರೆ ಸರ್ಕಾರದ ಬಳಿ ಇದೆ. ಆದರೆ ಕೆಲಸ ಹೋಗುತ್ತೆ ಅನ್ನೋ ಭಯ ಇರುವವರೆಗೆ ಜನ ಟೆಸ್ಟಿಗೇ ಬರಲ್ಲ.